ಕ್ಯಾಲ್ಸಿಯಂ ಡಬ್ಬಿ

ಬಸ್ಸು ಶುಕ್ರವಾರ ಸಂಜೆ ಏಳಕ್ಕಿತ್ತು. ಮೂರೂವರೆಗೆ ಶೈಲಶ್ರೀ ಫ್ರಿಜ್ಜಿನ ಮೇಲಿದ್ದ ಕ್ಯಾಲ್ಸಿಯಂ ಡಬ್ಬಿಯನ್ನು ಅಂಗೈ ಮೇಲೆ ಬೋರಲು ಹಾಕಿದಳು. ನಾಲ್ಕೇ ಗುಳಿಗೆ ಬಿದ್ದವು. ಡಬ್ಬಿಯ ತಳಕ್ಕೆ ಎರಡು ಸಲ ಬಡಿದಳು. ಒಳಗಿದ್ದ ಹತ್ತಿಯ ಉಂಡೆ ಉದುರಿತು, ಅಷ್ಟೇ.

ಹತ್ತು ಇರಬೇಕಿತ್ತು. ಈ ವಾರದ್ದು ಕಳೆದು ಅಷ್ಟು ಉಳಿಯುವಂತೆ ಸೋಮವಾರ ಎಣಿಸಿಯೇ ಇಟ್ಟಿದ್ದಳು. ಬೆಳಿಗ್ಗೆ ಒಂದು, ರಾತ್ರಿ ಒಂದು. ಇವತ್ತು ರಾತ್ರಿಯಿಂದ ಮಂಗಳವಾರ ಬೆಳಿಗ್ಗೆ ಕೊಂಕಣದ ಕಡಲೂರು ಮಾಲ್ವಣದಿಂದ ವಾಪಸು ಬರುವತನಕ ಎಂಟು ಬೇಕು, ಬಸ್ಸು ಗಿಸ್ಸು ತಪ್ಪಿದರೆ ಇರಲೆಂದು ಮೇಲೆ ಎರಡು. ಈಗ ಆರು ಕಡಿಮೆ. ಫ್ರಿಜ್ಜಿನ ಹಿಂದೆ ಬಗ್ಗಿ ನೋಡಿದಳು. ಜಿರಳೆಯ ಮೊಟ್ಟೆಯೂ ಒಂದು ಹಳೆಯ ನಿಂಬೆಕಾಯಿಯೂ ಇದ್ದವು.

ಡಬ್ಬಿಯಲ್ಲಿದ್ದದ್ದು ಕ್ಯಾಲ್ಸಿಯಂ ಅಲ್ಲ. ಮದುವೆಯಾಗಿ ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದ ವಾರದಲ್ಲೇ ಅವಳು ಒಂದು ಕ್ಯಾಲ್ಸಿಯಂ ಡಬ್ಬಿ ಕೊಂಡು, ಒಳಗಿನದ್ದನ್ನು ಆಫೀಸಿನ ಕಸದ ಬುಟ್ಟಿಗೆ ಸುರಿದು, ಫಿಟ್ಸಿನ ಗುಳಿಗೆ ತುಂಬಿಟ್ಟಿದ್ದಳು. ಎರಡೂ ಬಿಳಿ, ಎರಡೂ ಉದ್ದ. ಒಂದೂವರೆ ವರ್ಷದಿಂದ ಮನೆಯವರೆಲ್ಲರ ಕಣ್ಣೆದುರೇ ದಿನಕ್ಕೆರಡು ನುಂಗುತ್ತಿದ್ದಳು. ಹೆಣ್ಣುಮಗಳು ಕ್ಯಾಲ್ಸಿಯಂ ತಿಂದರೆ ಯಾರು ಏನು ಕೇಳುತ್ತಾರೆ?

ಕಡೆಯ ಸಲ ಫಿಟ್ಸ್ ಬಂದಿದ್ದು ಆರು ವರ್ಷದ ಹಿಂದೆ, ಧಾರವಾಡದ ಹಾಸ್ಟೆಲ್ಲಿನ ಊಟದ ಮನೆಯಲ್ಲಿ. ಹುಡುಗನ ಕಡೆಯವರು ನೋಡಲು ಬಂದಾಗ ಅಪ್ಪ ಹೇಳಿದ್ದ: "ನಾಕು ವರ್ಷದಿಂದ ಬರಲಾರದ್ದನ್ನ ಐತಿ ಅಂತ ಯಾಕ ಹೇಳಬೇಕು? ಅವರು ಕೇಳಿದ್ರ ಹೇಳೋಣ." ಅವರು ಕೇಳಲಿಲ್ಲ. ಯಾರೂ ಕೇಳುವುದಿಲ್ಲ. ಪಕ್ಕದ ಠಾಣೆ ಊರಿನಲ್ಲಿ ಅವಳ ಆಫೀಸಿನ ಹತ್ತಿರದ ಡಾಕ್ಟರು ಮಾತ್ರ ಪ್ರತಿಸಲವೂ ಹೇಳುತ್ತಿದ್ದರು: ಒಂದು ದಿನವೂ ತಪ್ಪಿಸಬೇಡ, ಗಾಡಿ ಓಡಿಸಬೇಡ, ನೀರಿಗೆ ಇಳಿಯಬೇಡ.

"ಶೈಲಾ! ಇದನ್ನ ನೋಡು!"

ಗಂಡ ಸಿದ್ಧೇಶ್ವರ ಎರಡೂ ಕೈಯಲ್ಲಿ ಚೀಲ ಹಿಡಿದು ಬಂದ. ಘೋಡಬಂದರ್ ರಸ್ತೆಯ ಕಂಪನಿಯೊಂದರಲ್ಲಿ ಕೆಲಸ, ಇವತ್ತು ಅರ್ಧ ದಿನ ರಜೆ. ಡೊಂಬಿವಲಿಯಲ್ಲೇ ಹುಟ್ಟಿದವನು. ಸಮುದ್ರ ಇಷ್ಟು ಹತ್ತಿರವಿದ್ದೂ ಇಪ್ಪತ್ತೊಂಬತ್ತು ವರ್ಷದಲ್ಲಿ ಅದರೊಳಗೆ ಮೊಣಕಾಲಿಗಿಂತ ಆಳ ಇಳಿದವನಲ್ಲ. ಈಗ ಒಂದು ತಿಂಗಳಿಂದ ಮಾಲ್ವಣದ ಸ್ಕೂಬಾ, ಸಮುದ್ರದಲ್ಲಿ ಮುಳುಗಿ ಮೀನು ನೋಡುವುದು, ಅದು ಬಿಟ್ಟು ಅವನಿಗೆ ಬೇರೆ ಮಾತೇ ಇರಲಿಲ್ಲ.

ಅವನು ಹಾಸಿಗೆಯ ಮೇಲೆ ಒಂದೊಂದೇ ಒಗೆದ. ತನಗೆ ಚಡ್ಡಿ, ಅವಳಿಗೆ ಮೊಣಕಾಲ ಕೆಳಗೆ ಬರುವ ಪ್ಯಾಂಟು, ಇಬ್ಬರಿಗೂ ಟೋಪಿ, ಬಿಸಿಲಿಗೆ ಹಚ್ಚುವ ಕ್ರೀಮು. ಅಕ್ಟೋಬರಿನ ಸೆಕೆಗೆ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಕಿಟಕಿ ತೆರೆದರೆ ಎಂಐಡಿಸಿ ಕಾರ್ಖಾನೆಗಳ ವಾಸನೆ, ಮುಚ್ಚಿದರೆ ಉಸಿರುಗಟ್ಟುತ್ತದೆ. ಆ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕಿಟಕಿ ತೆರೆದು ಮುಚ್ಚುವುದೇ ಒಂದು ಕೆಲಸ.

"ಮತ್ತ ಇದು." ಜೇಬಿನಿಂದ ಮಡಚಿದ ಕಾಗದ ತೆಗೆದ. "ಸ್ಕೂಬಾದವರ ಫಾರ್ಮು. ಆಫೀಸ್‌ನ್ಯಾಗ ಪ್ರಿಂಟ್ ತೆಗೆದೆ. ನಿಂದು ನಾನ ತುಂಬೀನಿ, ಸಹಿ ಅಷ್ಟ ಮಾಡು."

ಅವಳು ಓದಿದಳು. ಹನ್ನೆರಡು ಪ್ರಶ್ನೆ, ಹನ್ನೆರಡಕ್ಕೂ 'ಇಲ್ಲ' ಎಂದು ಗೀಟು. ಏಳನೆಯದು ಫಿಟ್ಸು.

"ಹಾರ್ಟಿಂದು ಇಲ್ಲ, ದಮ್ಮು ಇಲ್ಲ, ಫಿಟ್ಸ್ ಇಲ್ಲ," ಎಂದು ಅವನು ಬೆರಳು ಮಡಚಿದ. "ಬಸುರಿ ಅದೀರೇನು? ಅದೂ ಇಲ್ಲ, ನಮ್ಮವ್ವನ ಕ್ಯಾಲೆಂಡರ್ ಸಾಕ್ಷಿ."

"ನಾ ದಂಡಿ ಮ್ಯಾಲ ಕುಂತು ನೋಡ್ತೀನ್ರಿ. ನೀವು ಇಳೀರಿ."

"ಅರೇ! ಎರಡು ಸೀಟ್ ಬುಕ್ ಆಗ್ಯಾವ. ಕೈ ಹಿಡಕೊಂಡ ಇಳಸ್ತಾರ, ಹತ್ತು ಫೂಟು. ಹೆದರಾಕತ್ತೀಯಾ?"

"ಹೆದರಿಕಿ ಅಲ್ಲ."

"ಮತ್ತ?"

ಅವಳು ಎರಡೂ ಟೋಪಿಗಳನ್ನು ಒಂದರೊಳಗೊಂದು ಇಟ್ಟಳು. ಹೆಂಗಸರಿಗೆ ಎಲ್ಲ ಕಡೆ ನಡೆಯುವ ಆ ಒಂದು ನೆಪವೂ ಇಲ್ಲಿ ನಡೆಯುವ ಹಾಗಿರಲಿಲ್ಲ. ಹೋಗುವ ದಾರಿಯಲ್ಲಿ ಕೊಲ್ಲಾಪುರದ ಲಕ್ಷ್ಮಿಯ ದರ್ಶನವಿದೆ ಎಂದು ಅತ್ತೆ ಕಾಳವ್ವ ಸೊಸೆಯ ದಿನ ಎಣಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗೆರೆ ಹಾಕಿ, ಈ ತಾರೀಕನ್ನು ತಾನೇ ಆರಿಸಿಕೊಟ್ಟಿದ್ದಳು. "ನಮ್ಮೊಳಗ ಮೈಲಿಗಿ ಇಲ್ಲ ಅಂತ ಬಸವಣ್ಣ ಹೇಳ್ಯಾನ, ಖರೆ," ಎಂದಿದ್ದಳು ಕಾಳವ್ವ. "ಲಕ್ಷ್ಮಿಗೆ ಯಾರು ಹೇಳ್ಯಾರ?"

ಶೈಲಶ್ರೀ ಪೆನ್ನು ತೆಗೆದುಕೊಂಡಳು. ಇಲ್ಲಿಯತನಕ ಸುಳ್ಳು ಹೇಳಿದ್ದು ಅಪ್ಪ. ಅವಳು ಬಾಯಿ ಮುಚ್ಚಿಕೊಂಡಿದ್ದಳು, ಅಷ್ಟೇ. ಈ ಸಹಿ ಅವಳದೇ ಕೈಯದು. ಸಹಿ ಮಾಡಿದಳು. ಸಿದ್ಧೇಶ್ವರ ಕಾಗದವನ್ನು ಬ್ಯಾಗಿನ ಹೊರಜೇಬಿಗೆ ತುರುಕಿ, ಮೊಬೈಲಿಗೆ ಕರೆನ್ಸಿ ಹಾಕಿಸಿ ಬಾಳೆಹಣ್ಣು ತರುತ್ತೇನೆಂದು ಕೆಳಗಿಳಿದ.

ನಾಲ್ಕು ಗುಳಿಗೆ. ಭಾನುವಾರ ಬೆಳಿಗ್ಗೆಗೆ ಮುಗಿಯುತ್ತದೆ. ಸ್ಕೂಬಾ ಸೋಮವಾರ.

ಕೊಂಡು ತರಬಹುದು. ಚೀಟಿ ಅವಳ ರೈಲು ಪಾಸಿನ ಹಿಂದೆಯೇ ಇದೆ. ಆದರೆ ಅವಳು ಕೊಳ್ಳುವುದು ಠಾಣೆ ಸ್ಟೇಷನ್ನಿನ ಹೊರಗಿನ ಅಂಗಡಿಯಲ್ಲಿ. ಅಲ್ಲಿಗೆ ಹೋಗಿ ಬರಲು ಎರಡು ತಾಸು ಸಾಲದು, ಯಾಕೆ ಹೊರಟೆ ಎಂದು ಹೇಳುವುದಕ್ಕೆ ಬಾಯಿಯೂ ಇಲ್ಲ. ಬಿಲ್ಡಿಂಗಿನ ಕೆಳಗೇ ಔಷಧದ ಅಂಗಡಿಯಿದೆ. ಅದು ಮಂಗಳೂರಿನ ಮೋಹನದಾಸನದು. ದಿನಾ ಬೆಳಿಗ್ಗೆ ಅವಳ ಮಾವ ಬಸಲಿಂಗಪ್ಪನ ಜತೆ ವಾಕಿಂಗ್ ಹೋಗುವ ಮೋಹನದಾಸ. ಅವನಿಗೆ ಗೊತ್ತಾದರೆ ನಾಳೆ ಆರೂವರೆಗೆ ಮಾವನಿಗೆ ಗೊತ್ತು. ಮಾವ ಈ ಹೊತ್ತು ಕಲ್ಯಾಣದಲ್ಲಿ ಯಾರದೋ ನಿಶ್ಚಯಕ್ಕೆ ಹೋಗಿದ್ದ. ಅದೊಂದೇ ಪುಣ್ಯ.

ಹೊರಗೆ ಗೋಡೆಗೆ ಏನೋ ತಾಗಿದ ಸದ್ದು. ಕಾಳವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಕಡಕ್ ರೊಟ್ಟಿಯ ಗಂಟು, ಕಂಕುಳಲ್ಲಿ ಶೇಂಗಾ ಚಟ್ನಿಯ ಡಬ್ಬಿ.

"ಇವನ್ನ ಅರಿವಿ ನಡುವ ಇಡು, ಮುರಿಯೂದಿಲ್ಲ. ಅಲ್ಲಿ ಬರೇ ಮೀನ ತಿಂತಾರಂತ. ನನ್ನ ಮಗ ಉಪಾಸ ಸಾಯ್ತಾನ."

"ಅತ್ತಿ, ಕೂಡ್ರಿ. ಯಾಕ ಹಂಗ ಜೋಲಿ ಹೊಡ್ಯಾಕತ್ತೀರಿ?"

"ಏನೋ ಏನವಾ. ಮೂರು ದಿನಾ ಆತು, ತಲಿ ಗಿರ್ ಅಂತೈತಿ. ರಾತ್ರಿ ಮಲಗಿದ್ರ ಹೊತ್ತು ಹುಟ್ಟಿದ್ದೂ ಗೊತ್ತಾಗವಲ್ದು. ಮುಂಜಾನಿ ಹಾಲು ಎರಡು ಸರ್ತಿ ಉಕ್ಕಿಸಿದೆ." ಕಾಳವ್ವ ಹಾಸಿಗೆಯ ಅಂಚಿನಲ್ಲಿ ಧೊಪ್ಪನೆ ಕೂತಳು. "ಆದ್ರ ಮಣಕಾಲು ಮಾತ್ರ ಹಗರ ಆಗ್ಯಾವ ನೋಡು. ಸುಳ್ಳು ಹೇಳೂದಿಲ್ಲ. ಆ ನಿನ್ನ ಕ್ಯಾಲ್ಸಿಯಂ ಐತೆಲ್ಲ, ಅದರ ಗುಣ."

ಶೈಲಶ್ರೀಯ ಕೈಯಲ್ಲಿ ಟೋಪಿ ಇತ್ತು. ಅದನ್ನು ಹಾಗೇ ಹಿಡಿದುಕೊಂಡಳು.

"ದಿನಕ್ಕ ಎಷ್ಟು ತಗೊಂಡ್ರಿ?"

"ನೀ ತಗೊಂಡಂಗ. ಮುಂಜಾನೆ ಒಂದು, ರಾತ್ರಿ ಒಂದು. ಯಾಕ, ಹೊಟ್ಟಿಕಿಚ್ಚಾತೇನು?" ಕಾಳವ್ವ ನಕ್ಕಳು. "ಆ ಡಬ್ಬಿ ಒಯ್ಯಬ್ಯಾಡ. ನನಗ ಬಿಟ್ಟು ಹೋಗು. ನೀ ಹರೇದಾಕಿ, ನಾಕು ದಿನ ತಗೊಳ್ಳಲಿಲ್ಲಂದ್ರ ಏನ ಎಲುಬು ಮುರೀತಾವಾ? ಕಡಿಮಿ ಬಿದ್ರ ಇವತ್ತ ಸಂಜೀಕ ಇನ್ನೊಂದು ತರಸ್ತೀನಿ. ಇನ್ನ ಒಂದಕ್ಕ ಎರಡು ತಗೋಬೇಕಂತ ಮಾಡೀನಿ, ಬೇಗ ಗುಣಾ ಆಗ್ಲಿ."

ಸುಮ್ಮನಿರಬಹುದಿತ್ತು. ಡಬ್ಬಿ ಕಳೆದುಹೋಯಿತು ಎನ್ನಬಹುದಿತ್ತು. ನಾಲ್ಕೂ ಗುಳಿಗೆ ಕಿಸೆಗೆ ಹಾಕಿಕೊಂಡು ನಿಜವಾದ ಕ್ಯಾಲ್ಸಿಯಂ ತಂದಿಡಬಹುದಿತ್ತು. ಇದೆಲ್ಲ ಅವಳಿಗೆ ಹೊಳೆಯಿತು, ಎರಡು ಉಸಿರಿನಷ್ಟು ಹೊತ್ತು ಚೆನ್ನಾಗಿಯೂ ಕಂಡಿತು. ಆದರೆ ಎದುರಿಗೆ ಕೂತ ಹೆಂಗಸಿಗೆ ಅರವತ್ತೆರಡು ವರ್ಷ, ಬಿಪಿಗೆ ಬೇರೆ ಗುಳಿಗೆ ನುಂಗುತ್ತಾಳೆ, ಕೂತಲ್ಲೇ ಎಡಕ್ಕೆ ವಾಲುತ್ತಿದ್ದಾಳೆ. ಬಚ್ಚಲಲ್ಲಿ ಜಾರಿದರೆ?

"ಅತ್ತಿ, ಅವು ಕ್ಯಾಲ್ಸಿಯಂ ಅಲ್ರಿ."

"ಮತ್ತೇನು?"

"ಫಿಟ್ಸಿನ ಗುಳಗಿ. ನನಗ ಮೂರ್ಛಿ ಬ್ಯಾನಿ ಐತಿ."

ಕಾಳವ್ವ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು. "ಯಪ್ಪಾ! ನನಗೇನಾಗ್ತೈತಿ ಈಗ? ನನಗೂ ಬರ್ತಾವೇನು?"

ಶೈಲಶ್ರೀ ಅಲ್ಲೇ ಠಾಣೆಯ ಡಾಕ್ಟರಿಗೆ ಫೋನ್ ಮಾಡಿದಳು. ಇದರಿಂದ ಅತ್ತೆಗೆ ಫಿಟ್ಸ್ ಬರುವುದಿಲ್ಲ ಎಂದರು ಡಾಕ್ಟರು. ಇನ್ನು ಮುಟ್ಟಬಾರದು, ಒಬ್ಬರೇ ಓಡಾಡಬಾರದು, ಇವತ್ತೇ ಹತ್ತಿರದ ಯಾವ ಡಾಕ್ಟರಿಗಾದರೂ ಬಿಪಿ ತೋರಿಸಿ, ತಲೆ ತಿರುಗುವುದು ಎರಡು ದಿನದಲ್ಲಿ ಇಳಿಯುತ್ತದೆ. ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದಳು. ಜೀವಕ್ಕೆ ಭಯವಿಲ್ಲ ಎಂದು ಖಾತ್ರಿಯಾದ ಮೇಲೆ ಕಾಳವ್ವನಿಗೆ ಸಿಟ್ಟು ಬಂತು.

"ನಿಮ್ಮಪ್ಪಗ ಗೊತ್ತಿತ್ತು?"

"ಗೊತ್ತಿತ್ರಿ."

"ನಿಮ್ಮವ್ವಗ?"

"ಗೊತ್ತಿತ್ರಿ."

"ಎದರಿಗೆ ಕುಂತು ಹೋಳಗಿ ಬಡಿಸಿದಳಲ್ಲ, ಮಹಾತಾಯಿ! ಒಂದೂವರೆ ವರ್ಷ ನನ್ನ ಮನ್ಯಾಗ, ನನ್ನ ಫ್ರಿಜ್ಜಿನ ಮ್ಯಾಲ..." ಕಾಳವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಅವಳ ದನಿ ತಗ್ಗಿತು. "ಸಿದ್ಧೂಗ ಹೇಳಬ್ಯಾಡ."

"ಏನ್ರಿ?"

"ಕಿವಿ ಕೇಳಸೂದಿಲ್ಲೇನು? ಹೇಳಬ್ಯಾಡ. ನಾಕು ಮಂದಿಗೆ ಗೊತ್ತಾದ್ರ ಹುಚ್ಚಿ ತಂದಾರ ಅಂತಾರ. ಬೆನ್ನಿಗೆ ಅವನ ತಂಗಿ ಅದಾಳ, ಆಕೀಗೂ ವರ ನೋಡಬೇಕು. ನೀ ಒಂದು ವಾರ ಮುಂಚೇನ ಮುಟ್ಟಾದಿ ಅಂತ ನಾ ಹೇಳ್ತೀನಿ. ಕೊಲ್ಲಾಪುರ ಬಿಡ್ರಿ, ಲಕ್ಷ್ಮಿಗೆ ನಾ ಕೈ ಮುಗದು ಹೇಳಿಕೋತೀನಿ. ಸೀದಾ ಮಾಲ್ವಣಕ್ಕ ಹೋಗ್ರಿ. ನೀರಿಗಿ ಇಳೀಬ್ಯಾಡ, ತಿಳೀತಾ?"

ಬಾಗಿಲು ಹಾಕಿದ ಮನೆಗೆ ಹಿಂದಿನ ಬಾಗಿಲು ತೆರೆದಂತಾಯಿತು. ಈಗ ಸುಳ್ಳಿಗೆ ಮನೆಯ ಹಿರಿಯಳ ಒಪ್ಪಿಗೆಯೂ ಇತ್ತು. ಶೈಲಶ್ರೀ ಕೆಲಕಾಲ ಆ ದಾರಿಯಲ್ಲಿ ಮನಸ್ಸಿನಲ್ಲೇ ನಡೆದು ನೋಡಿದಳು. ಭಾನುವಾರ ಬೆಳಿಗ್ಗೆ ಗುಳಿಗೆ ಮುಗಿಯುತ್ತದೆ. ರಾತ್ರಿ ಇಲ್ಲ. ಗೊತ್ತಿಲ್ಲದ ಊರು, ಒಂದು ಕೋಣೆ, ಜತೆಗೆ ಏನೂ ಗೊತ್ತಿಲ್ಲದ ಗಂಡಸು. ಅವಳು ನೆಲದ ಮೇಲೆ ಒದ್ದಾಡುವಾಗ ಅವನು ಪ್ರೀತಿಯಿಂದಲೇ ಬಾಯಿಗೆ ನೀರು ಸುರಿಯುತ್ತಾನೆ.

"ಹೇಳ್ತೀನ್ರಿ ಅತ್ತಿ," ಎಂದಳು. "ನೀವು ಹೇಳೂದಕ್ಕಿಂತ ಮೊದಲ ನಾನ ಹೇಳ್ತೀನಿ."

"ಬಿಟ್ಟು ಬಿಟ್ಟಾನು."

"ಬಿಡ್ಲಿ."

ಹಾಗೆಂದು ಬ್ಯಾಗಿನ ಪಕ್ಕದಲ್ಲಿ ನೆಲಕ್ಕೆ ಕೂತಳು.

ಸಿದ್ಧೇಶ್ವರ ಬಂದಾಗ ನಾಲ್ಕೂ ಮುಕ್ಕಾಲು. ಬಾಳೆಹಣ್ಣು ಕೆಳಗಿಡುವ ಮೊದಲೇ ಅವಳು ಹೇಳಿದಳು. ಉದ್ದ ಮಾಡಲಿಲ್ಲ. ಹದಿನೇಳಕ್ಕೆ ಶುರುವಾದದ್ದು, ಮೂರು ಸಲ ಬಂದದ್ದು, ಆರು ವರ್ಷದಿಂದ ಬರದಿರುವುದು, ಡಬ್ಬಿ, ಅತ್ತೆ ನುಂಗಿದ ಆರು, ಡಾಕ್ಟರು ಹೇಳಿದ್ದು, ಉಳಿದ ನಾಲ್ಕು. ಅವನು ಮೊದಲು ತಾಯಿಯ ಮುಖ ನೋಡಿದ. ಕಾಳವ್ವ ರೊಟ್ಟಿಯ ಗಂಟು ನೋಡುತ್ತಿದ್ದಳು.

"ನಾ ಓದಿ ಹೇಳಿದೆ," ಎಂದ. "ಫಿಟ್ಸ್ ಇಲ್ಲ ಅಂತ. ಬೆರಳು ಮಡಚಿ ಹೇಳಿದೆ. ನೀ ಸಹಿ ಮಾಡಿದಿ."

"ಮಾಡಿದೆ."

"ನೀರಾಗ ಬಂದಿದ್ರ?"

"ಸಾಯತಿದ್ದೆ."

"ನನ್ನ ಕೈ ಹಿಡಕೊಂಡು."

ಅವನು ಕೈ ಚಾಚಿದ. ಹೊಡೆಯುತ್ತಾನೆಂದು ಕಾಳವ್ವ ಅರ್ಧ ಎದ್ದಳು.

"ಚೀಟಿ ಕೊಡು."

ಪಾಸಿನ ಹಿಂದಿನಿಂದ ಚೀಟಿ ತೆಗೆದು ಕೊಟ್ಟಳು. ಅವನು ಚಪ್ಪಲಿ ಮೆಟ್ಟಿ ಹೋದ. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಕೇಳಿಸಿ, ನಿಂತಿತು. ಎಲ್ಲಿ ಹೋದ, ಬರುತ್ತಾನೋ ಇಲ್ಲವೋ ಎಂಬುದು ಅತ್ತೆಗೂ ತಿಳಿಯದು, ಸೊಸೆಗೂ ತಿಳಿಯದು. ಇಬ್ಬರೂ ಒಂದೇ ಕೋಣೆಯಲ್ಲಿ ಕಾದರು. ಒಮ್ಮೆ ಕಾಳವ್ವ ಎದ್ದು ವಾಲಿದಾಗ ಶೈಲಶ್ರೀ ರಟ್ಟೆ ಹಿಡಿದು ಬಚ್ಚಲಿಗೆ ಕರೆದೊಯ್ದಳು. ಕಾಳವ್ವ ಕೈ ಕೊಡವಲಿಲ್ಲ, ಮುಖವನ್ನೂ ನೋಡಲಿಲ್ಲ.

ಐದೂಕಾಲಿಗೆ ಅವನು ಬಂದು ಗುಳಿಗೆಯ ಎರಡು ಸ್ಟ್ರಿಪ್ ಹಾಸಿಗೆಯ ಮೇಲೆ ಒಗೆದ.

"ಎಲ್ಲಿ ತಗೊಂಡಿ?" ಕಾಳವ್ವ ಕೇಳಿದಳು.

"ಕೆಳಗ. ಮೋಹನದಾಸ ಮಾಮಾನ ಹತ್ರ."

"ಅಯ್ಯ ನಿನ್ನ! ಆ ಬಾಯಿಬಡಕನ ಹತ್ರನ?"

"ಚೀಟಿ ಮ್ಯಾಲ ಈಕಿ ಅಪ್ಪನ ಅಡ್ಡಹೆಸರು ಐತಿ. 'ಈ ಹೆಸರಿನವರು ನಿಮ್ಮಲ್ಲಿ ಯಾರೂ ಇಲ್ಲ ಅಲ್ವಾ ಮಾರಾಯ' ಅಂದ. ನನ್ನ ಹೆಂಡ್ತಿದು, ಮದಿವಿ ಮೊದಲಿನ ಹೆಸರು ಅಂದೆ. ಇನ್ನೇನನ್ನಲಿ? ಅಪ್ಪಗ ಫೋನ್ ಮಾಡೀನಿ, ಆರಕ್ಕ ಬಂದು ನಿನ್ನ ಬಿಪಿ ತೋರಸ್ತಾನ." ಆಮೇಲೆ ಶೈಲಶ್ರೀಯ ಕಡೆ ತಿರುಗಿದ. "ಮಂಗಳವಾರ ಬಂದ ಮ್ಯಾಲ ನಿಮ್ಮಪ್ಪಗ ಫೋನ್ ಮಾಡ್ತೀನಿ. ಅದನ್ನ ನಾ ಬಿಡೂದಿಲ್ಲ."

"ಮಾಡ್ರಿ."

ಅವನು ಮೊಬೈಲ್ ತೆಗೆದು ಮಾಲ್ವಣದ ಸ್ಕೂಬಾದವನಿಗೆ ಫೋನ್ ಹಚ್ಚಿದ. ಮರಾಠಿಯಲ್ಲಿ ಮಾತಾಡಿದ. ಒಂದು ಸೀಟು ರದ್ದು ಮಾಡಿ ಎಂದ. ಆ ಕಡೆಯವನು ಎರಡೂನಾ ಎಂದು ಕೇಳಿರಬೇಕು. "ದೋನ್ ನಾಹೀ, ಏಕಚ್," ಎಂದ. ಎರಡಲ್ಲ, ಒಂದೇ. ಶೈಲಶ್ರೀಗೆ ಅದು ಚುಚ್ಚಿತು. ಚುಚ್ಚಬಾರದೆಂದು ತನಗೇ ಹೇಳಿಕೊಂಡಳು. ಅವನು ಒಂದು ತಿಂಗಳಿಂದ ಕಾದಿದ್ದ ನೀರು ಅದು.

"ನನ್ನ ಮಾತು ಕೇಳಿದ್ರ ಹೋಗೂದ ಬ್ಯಾಡ್ರಿ," ಎಂದಳು ಕಾಳವ್ವ, ಯಾರಿಗೆಂದಿಲ್ಲದೆ. "ಅಲ್ಲಿ ಬಂದು ಗಿಂದು ಬಿಟ್ರ ಏನ ಮಾಡ್ತಿಯೋ ಒಬ್ಬವ? ಕೈಯಾಗ ಕಬ್ಬಣ ಕೊಡು. ಉಳ್ಳಾಗಡ್ಡಿ ಒಡದು ಮೂಗಿಗಿ ಹಿಡಿ. ಎರಡು ಉಳ್ಳಾಗಡ್ಡಿ ಇಡ್ಲ್ಯಾ?"

"ಕಬ್ಬಣ ಬ್ಯಾಡ, ಉಳ್ಳಾಗಡ್ಡಿ ಬ್ಯಾಡ," ಎಂದಳು ಶೈಲಶ್ರೀ. "ಒಂದ ಮಗ್ಗಲಕ್ಕ ಹೊರಳಿಸಬೇಕು. ತಲಿ ಕೆಳಗ ಮೆತ್ತಂದು ಏನಾರ ಇಡಬೇಕು. ಬಾಯಾಗ ಏನೂ ಹಾಕಬಾರದು, ನೀರೂ. ಕೈಕಾಲು ಒತ್ತಿ ಹಿಡೀಬಾರದು. ಗಡಿಯಾರ ನೋಡಬೇಕು."

"ಎಷ್ಟು ಹೊತ್ತು?" ಸಿದ್ಧೇಶ್ವರ ಕೇಳಿದ. ಅವನು ಕಿಟಕಿಯ ಕಡೆ ಮುಖ ಮಾಡಿದ್ದ.

"ಎರಡು ಮೂರು ಮಿನಿಟಿಗೆ ತಾನ ನಿಲ್ತೈತಿ. ಐದು ದಾಟಿದ್ರ ಆಸ್ಪತ್ರಿ."

ಕೆಳಗೆ ರಿಕ್ಷಾದವನು ಹಾರ್ನ್ ಒತ್ತಿದ. ಅವನಿಗೆ ಆರಕ್ಕೆ ಬಾ ಎಂದರೆ ಐದೂವರೆಗೆ ಬರುವ ಚಾಳಿ. ಸಿದ್ಧೇಶ್ವರ ಬಗ್ಗಿ ತಡೆ ಎಂದು ಕೈ ಮಾಡಿ, ಬಂದು ಬ್ಯಾಗಿನ ಆ ಕಡೆ ನೆಲದ ಮೇಲೆ ಕೂತ.

"ಏನೇನು ಮಾಡಬೇಕು, ಮೊದಲಿಂದ ಹೇಳು," ಎಂದ. "ಸಾವಕಾಶ."