ಅಶಾರಿಗೆ ಬೆಲೆ ಕಟ್ಟಿದ ವರ್ಷ

ಅನುದಾನದ ಅರ್ಜಿ ಬರೆಯುವುದು ವಿಚಿತ್ರವಾದ ಕೆಲಸ. ನಾವು ಬಡವರೆಂದು ಹೇಳಿಕೊಳ್ಳಬೇಕು, ಆದರೆ ಕೈಲಾಗದವರು ಅನ್ನಿಸಬಾರದು. ಸೇತುವೆಯಿಲ್ಲದೆ ಬದುಕಲಾಗುತ್ತಿಲ್ಲ ಎನ್ನಬೇಕು, ಹಾಗಾದರೆ ಇಷ್ಟು ವರ್ಷ ಹೇಗೆ ಬದುಕಿದಿರಿ ಎಂದು ಕೇಳಿದರೆ ಅದಕ್ಕೂ ಉತ್ತರ ಇಟ್ಟುಕೊಂಡಿರಬೇಕು. ನಾನು ಭೂಗೋಳ ಪಾಠ ಮಾಡಿ ನಿವೃತ್ತಳಾದವಳು. ಮಕ್ಕಳು ಇಂಥ ಡೊಂಕು ಉತ್ತರ ಬರೆದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಆ ಚಳಿಗಾಲವಿಡೀ ಒಲೆಯ ಪಕ್ಕ ಕೂತು ನಾನೇ ಅದನ್ನು ಬರೆದೆ.

ಬೆಟ್ಟಗಳ ನಡುವಿನ ನಮ್ಮ ಹಳ್ಳಿ ಅಕ್-ಕೆಚೂವಿನಲ್ಲಿ ಮನೆಗಳು ಹೊಳೆಯ ಈ ದಡದಲ್ಲಿ, ಶಾಲೆ ಆ ದಡದಲ್ಲಿ. ಸಾಮೂಹಿಕ ಫಾರ್ಮಿನ ಕಾಲದ ಸೇತುವೆ ಕೊಚ್ಚಿಹೋಗಿ ಬಹಳ ವರ್ಷವಾಯಿತು. ವಸಂತದಲ್ಲಿ ಬೆಳಿಗ್ಗೆ ಹೊಳೆ ಸಾಧುವಾಗಿರುತ್ತದೆ, ಮೇಲಿನ ಹಿಮ ಬಿಸಿಲಿಗೆ ಕರಗಿದರೆ ಮಧ್ಯಾಹ್ನಕ್ಕೆ ಅದರ ಗುಣವೇ ಬೇರೆ. ಮಕ್ಕಳನ್ನು ದಾಟಿಸುತ್ತಿದ್ದವರು ಕೆನೆಶ್ ಅತಾ, ಎಂದರೆ ಕೆನೆಶಜ್ಜ, ತಮ್ಮ ಬೂದು ಕುದುರೆಯ ಮೇಲೆ. ಅವರು ಊರಿಗೇ ಹಿರಿಯರು, ಕಲ್ಲುಗಾರೆಯ ಮೇಸ್ತ್ರಿ. ನಮ್ಮ ಮನೆಗಳ ಒಲೆಗಳೆಲ್ಲ ಅವರ ಕೈಯಲ್ಲೇ ಎದ್ದವು. ಮೊಮ್ಮಗಳು ಬೆಗಾಯಿಮಳನ್ನು ಅವರು ಎಲ್ಲರಿಗಿಂತ ಕೊನೆಗೆ ದಾಟಿಸುತ್ತಿದ್ದರು, ತಮ್ಮವರಿಗೆ ಮೊದಲ ಸರದಿ ಕೊಟ್ಟರೆಂದು ಯಾರೂ ಆಡಿಕೊಳ್ಳಬಾರದಲ್ಲ. ಹಿಂದಿನ ವರ್ಷ ನಡುನೀರಿನಲ್ಲಿ ಕುದುರೆ ಮುಗ್ಗರಿಸಿತು. ನೀರಿಗೆ ಬಿದ್ದ ಹುಡುಗಿಯನ್ನು ಜಡೆ ಹಿಡಿದು ಎತ್ತಿಕೊಂಡರು. ಅಂದಿನಿಂದ ಅವಳು ಹೊಳೆ ದಾಟುವಷ್ಟು ಹೊತ್ತೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

"ಕುದುರೆಗೂ ವಯಸ್ಸಾಯ್ತು, ನನಗೂ ಆಯ್ತು" ಎಂದು ಅತಾ ಒಮ್ಮೆ ನನ್ನ ಹತ್ತಿರ ಹೇಳಿದ್ದರು. "ಈ ವಸಂತ ಹೇಗೋ ದಾಟಿಸ್ತೀನಿ. ಮುಂದಿನ ಸಲಕ್ಕೆ ಸೇತುವೆ ಇಲ್ಲ ಅಂದ್ರೆ ಬೆಗಾಯಿಮ್ ಶಾಲೆ ಬಿಟ್ಟ ಹಾಗೇನೇ."

ನಮ್ಮದೊಂದು ಹೆಂಗಸರ ಸಂಘವಿತ್ತು. ಮದುವೆಗೂ ಸಾವಿಗೂ ದೊಡ್ಡ ಕಡಾಯಿ, ತಟ್ಟೆ, ಬಟ್ಟಲು ಎರವಲು ಕೊಡುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ರಾಜಧಾನಿ ಬಿಶ್ಕೆಕ್‌ನ ಒಂದು ಪ್ರತಿಷ್ಠಾನ ಇಂಥ ಸಣ್ಣ ಸಂಘಗಳಿಗೆ ಹಣ ಕೊಡುತ್ತದೆಂದು ತಿಳಿದು ನಾನು ಅರ್ಜಿಗೆ ಕೈಹಾಕಿದೆ. ತೂಗುಸೇತುವೆಯ ಉಕ್ಕಿನ ಹಗ್ಗ, ಹಲಗೆ, ಸಿಮೆಂಟು, ಎಂಜಿನಿಯರ್ ಎಲ್ಲ ಅವರದು. ಖರ್ಚಿನ ಐದನೇ ಒಂದು ಪಾಲು ಮಾತ್ರ ನಮ್ಮದು. ಅದನ್ನು ಮೈಮುರಿದು ದುಡಿದೇ ತೀರಿಸಬಹುದು. ಆದರೆ ಆ ದುಡಿಮೆಗೆ ದಿನಕ್ಕಿಷ್ಟು ಎಂದು ಬೆಲೆ ಬರೆದು, ಊರ ಹಿರಿಯರ ಸಹಿ ಹಾಕಿಸಬೇಕು. ಇಲ್ಲೇ ಸಿಕ್ಕಿಹಾಕಿಕೊಂಡೆವು.

ಅತಾ ಮನೆಯಲ್ಲಿ ಸಭೆ ಸೇರಿತು. ಬಾಗಿಲಿಗೆ ಎದುರಿನ ಗೋಡೆಯ ಕಡೆ, ತೋರ್ ಎನ್ನುವ ಗೌರವದ ಜಾಗದಲ್ಲಿ ಅತಾ. ಅವರ ಪಕ್ಕದಲ್ಲಿ ಸಾತಾರ್. ಇವರು ಅತಾಗಿಂತ ಒಂದೇ ವರ್ಷ ಚಿಕ್ಕವರು, ಆ ಒಂದು ವರ್ಷದ ದೆಸೆಯಿಂದ ಜೀವಮಾನವಿಡೀ ಎರಡನೇ ಜಾಗದಲ್ಲಿ ಕೂತವರು.

"ಅಶಾರಿಗೆ ಬೆಲೆ ಹಾಕ್ತೀಯಾ, ಟೀಚರಮ್ಮ?" ಅತಾ ಚಹಾದ ಬಟ್ಟಲು ಕೆಳಗಿಟ್ಟರು.

"ಅತಾ, ಬರೀ ಕಾಗದದ ಮೇಲೆ. ಯಾರೂ ಕೊಡಲ್ಲ, ಯಾರೂ ಇಸ್ಕೊಳಲ್ಲ."

"ನಿನ್ನ ಮನೆಗೆ ಚಾವಣಿ ಹಾಕಿದ್ದು ಹೇಗೆ?"

"ಅಶಾರಲ್ಲಿ. ಊರೆಲ್ಲ ಬಂದು ಹಾಕಿಕೊಟ್ರು."

"ಎಷ್ಟಾಯ್ತು?"

ಕರೆದರೆ ಬರುವುದು, ದುಡಿಯುವುದು, ಜೊತೆಗೆ ಕೂತು ಉಂಡು ಹೋಗುವುದು, ಅಶಾರ್ ಎಂದರೆ ಅಷ್ಟೇ. ಎಷ್ಟಾಯಿತೆಂದು ನನಗೂ ಗೊತ್ತಿರಲಿಲ್ಲ, ಹಾಕಿಕೊಟ್ಟವರಿಗೂ ಗೊತ್ತಿರಲಿಲ್ಲ.

"ಕೂಲಿಯವನಿಗೂ ನಾವು ಊಟ ಹಾಕ್ತೀವಿ" ಎಂದರು ಅತಾ. "ಆದ್ರೆ ಅವನು ಬಾಗಿಲ ಹತ್ರ ಕೂತು ಉಣ್ತಾನೆ, ದುಡ್ಡು ಇಸ್ಕೊಂಡು ಹೋಗ್ತಾನೆ. ಅವನದು ತಪ್ಪಲ್ಲ, ಅವನ ಲೆಕ್ಕ ಅಲ್ಲಿಗೆ ಮುಗೀತು. ನಾಳೆ ನಾನು ಸತ್ರೆ ಗೋರಿ ತೋಡೋಕೆ ಹುಡುಗ್ರು ಬರ್ತಾರೆ. ಅದರಲ್ಲೊಬ್ಬ ಕೇಳ್ತಾನೆ, ಸೇತುವೆಗೆ ದಿನಕ್ಕಿಷ್ಟಿತ್ತಲ್ಲ, ಗೋರಿಗೆ ಎಷ್ಟು ಅಂತ. ಇವತ್ತು ಕೇಳಲ್ಲ, ಒಂದಿನ ಕೇಳೇ ಕೇಳ್ತಾನೆ."

"ನೀನು ಸಾಯೋ ದಿನ ಹೇಳಣ್ಣ, ನಾನೇ ಪುಕ್ಕಟೆ ತೋಡ್ತೀನಿ" ಎಂದರು ಸಾತಾರ್. "ಆ ತೋರ್ ಯಾವಾಗ ಖಾಲಿ ಆಗುತ್ತೋ ಅಂತ ಕಾದು ಕಾದು ನನ್ನ ಹಲ್ಲೆಲ್ಲ ಉದುರಿದ್ವು."

ಎಲ್ಲರೂ ನಕ್ಕರು. ಅತಾ ಕೂಡ ನಕ್ಕರು, ಆದರೆ ಪೆನ್ನು ಮುಟ್ಟಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಒಂದು ಅಂಕಿಗೆ ಹೆದರಿ ಮಕ್ಕಳನ್ನು ನೀರಿಗೆ ಬಿಡುತ್ತೀರಾ ಎಂದು ಕೂಗಿಯೇ ಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಅವರಿಗೆ ಆಗಲೇ ಒಂದು ಉಪಾಯ ಹೊಳೆದಿತ್ತು.

"ಪ್ರತಿಷ್ಠಾನದಿಂದ ನೋಡೋಕೆ ಯಾರೋ ಬರ್ತಾರೆ ಅಂದ್ಯಲ್ಲ? ಅವರು ಬರೋದ್ರೊಳಗೆ ನಮ್ಮ ಪಾಲಿನ ಕೆಲಸ ಮಾಡಿಬಿಡೋಣ. ಕಣ್ಣೆದುರೇ ನಿಂತಿರೋದಕ್ಕೆ ಕಾಗದ ಯಾಕೆ?"

ಈ ಮಾತು ಎಲ್ಲರಿಗೂ ಹಿಡಿಸಿತು, ನನಗೂ ಹಿಡಿಸಿತು. ಬೆಲೆಯ ಜಾಗ ಖಾಲಿ ಬಿಟ್ಟೇ ಅರ್ಜಿ ಕಳಿಸಿದೆ. ಹಿಮ ಸರಿದದ್ದೇ ತಡ, ಅಶಾರ್ ಕರೆದರು. ಗಂಡಸರು ಹೊಳೆಗಲ್ಲು ಹೊತ್ತರು, ಹೆಂಗಸರು ಕಡಾಯಿಗಟ್ಟಲೆ ಸಾರು ಕಾಯಿಸಿದರು, ಪ್ರತಿಷ್ಠಾನದ್ದು ಬರುವ ಮುಂಚೆಯೇ ಬೇಕಾದ ಸಿಮೆಂಟಿಗೆ ಒಬ್ಬ ಕುರಿ ಮಾರಿದ. ಎರಡು ದಡದಲ್ಲೂ ಕಲ್ಲಿನ ಕಂಬಗಳು ಎದ್ದು ನಿಂತವು. ಎಷ್ಟು ಚೆನ್ನಾಗಿದ್ದವೆಂದರೆ, ನಾನು ದಿನಾ ಸಂಜೆ ಸುಮ್ಮನೆ ನೋಡಿಕೊಂಡು ಬರಲು ಹೋಗುತ್ತಿದ್ದೆ.

ಪ್ರತಿಷ್ಠಾನದಿಂದ ಬಂದವಳ ಹೆಸರು ಜಿಲ್ದಿಜ್. ಇನ್ನೂ ಎಳೆ ಮುಖ, ನಗರದ ಬೂಟು, ಆದರೆ ಜಂಬವಿರಲಿಲ್ಲ. ಬೆಳಿಗ್ಗೆ ಕುದುರೆ ಮೇಲೆ ಆ ದಡಕ್ಕೆ ಹೋಗಿ ಶಾಲೆ ನೋಡಿದಳು. ಮಧ್ಯಾಹ್ನ ವಾಪಸು ಬರುವಾಗ ನೀರು ಕುದುರೆಯ ಹೊಟ್ಟೆ ಮುಟ್ಟುತ್ತಿತ್ತು. ಅತಾ ಸೊಂಟವನ್ನು ಗಟ್ಟಿಯಾಗಿ ತಬ್ಬಿಕೊಂಡೇ ಬಂದಳು. ಅವಳ ನಂತರದ ಸರದಿಯಲ್ಲಿ ಬೆಗಾಯಿಮ್, ಎಂದಿನಂತೆ ಕಣ್ಣು ಮುಚ್ಚಿಕೊಂಡು.

ದಡದಲ್ಲಿ ಊರೇ ನೆರೆದಿತ್ತು. ಜಿಲ್ದಿಜ್ ಕಂಬಗಳನ್ನು ಮುಟ್ಟಿ ನೋಡಿದಳು, ಆಮೇಲೆ ಅಕ್ಕ ಎನ್ನುವ ಹಾಗೆ ಎಜೆ ಎಂದು ಕರೆದು, ನನ್ನ ತೋಳು ಹಿಡಿದು ಪಕ್ಕಕ್ಕೆ ಒಯ್ದಳು.

"ಎಜೆ, ಇದನ್ನ ಯಾಕೆ ಈಗಲೇ ಕಟ್ಟಿದ್ರಿ?"

"ನಮ್ಮ ಪಾಲು ಅಲ್ವಾ? ಮೊದಲೇ ಕೊಟ್ಟಿದೀವಿ."

"ಒಪ್ಪಂದಕ್ಕೆ ಮುಂಚೆ ಮಾಡಿದ ಕೆಲಸ ಲೆಕ್ಕಕ್ಕೆ ಬರಲ್ಲ ಎಜೆ. ನಿಯಮ ಹಾಗಿದೆ. ಸಹಿ ಆದ ಮೇಲೆ ಮಾಡೋದು ಮಾತ್ರ, ಅದೂ ಬೆಲೆ ಸಮೇತ ಬರೆದಿದ್ರೆ." ಅವಳ ಕಣ್ಣು ಒದ್ದೆಯಾಗಿತ್ತು. "ನಿಮ್ಮ ಪಾಲು ಕಾಗದದಲ್ಲಿ ಸೊನ್ನೆ. ಸೊನ್ನೆ ಇದ್ರೆ ನಾನು ಕೊಡಿಸೋಕಾಗಲ್ಲ."

ಪಿಸುಮಾತು ಬೇಗ ಎಲ್ಲರ ಕಿವಿಗೂ ಬಿತ್ತು. ಕುರಿ ಮಾರಿದವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ನನಗೆ ಅತಾ ಮುಖ ನೋಡುವ ಧೈರ್ಯವಾಗಲಿಲ್ಲ. ನಾನು ನೋಡಿದ್ದು ಬೆಗಾಯಿಮಳನ್ನು. ಅವಳು ಕಲ್ಲಿನ ಮೇಲೆ ಕೂತು ಶೂಗಳಿಂದ ನೀರು ಸುರಿಯುತ್ತಿದ್ದಳು.

ಅತಾ ಕೂಡ ಅದನ್ನೇ ನೋಡುತ್ತಿದ್ದರು. ಆಮೇಲೆ ಜಿಲ್ದಿಜ್ ಕಡೆ ತಿರುಗಿ ಕೇಳಿದರು. "ಮಗಳೇ, ಎಲ್ಲರ ಹೆಸರೂ ಬರೀಬೇಕಾ? ಒಬ್ಬನದೇ ಬರೆದ್ರೆ ನಡೆಯುತ್ತಾ?"

"ಒಬ್ಬರಾ? ಅಷ್ಟೂ ಪಾಲನ್ನಾ?"

"ದಡಕ್ಕೆ ತಡೆಗೋಡೆ ಬೇಕು, ಮೆಟ್ಟಿಲು ಬೇಕು, ಕೆಲಸ ಇನ್ನೂ ಬೇಕಾದಷ್ಟಿದೆ. ಮೇಸ್ತ್ರಿ ಕೂಲಿ ಆಳಿನ ಕೂಲಿಗಿಂತ ಜಾಸ್ತಿ ತಾನೆ? ನನ್ನದೊಂದೇ ಬರಿ. ನಮ್ಮ ಪಾಲು ತುಂಬೋವರೆಗೆ ನಾನು ದುಡೀತೀನಿ. ಈ ಊರಲ್ಲಿ ಕೂಲಿಗೆ ಬಂದವನು ಕೆನೆಶ್ ಒಬ್ಬನೇ ಅಂತ ಇರ್ಲಿ. ಉಳಿದವರ ಅಶಾರ್ ಮುಟ್ಟಬೇಡ."

ನಡೆಯುತ್ತೆಂದು ಜಿಲ್ದಿಜ್ ತಲೆಯಾಡಿಸಿದಳು. ಅತಾ ಅವಳಿಂದ ಪೆನ್ನು ಇಸಿದುಕೊಂಡು, ಕುದುರೆಯ ಜೀನಿನ ಮೇಲೆ ಕಾಗದವಿಟ್ಟು ಸಹಿ ಹಾಕಿದರು. ನಾನು ಅತ್ತುಬಿಟ್ಟೆ. ಆ ಸಹಿಗಾಗಿ ಚಳಿಗಾಲವೆಲ್ಲ ಅವರ ಬೆನ್ನುಬಿದ್ದವಳು ನಾನೇ. ಸಿಕ್ಕಾಗ ಅದು ನನಗೆ ಬೇಡವಾಗಿತ್ತು.

ಬೇಸಿಗೆಯೆಲ್ಲ ಅವರು ಒಬ್ಬರೇ ಕಲ್ಲು ಕಡಿದು ಕೂರಿಸಿದರು. ಯಾರಾದರೂ ಕೈಹಾಕಲು ಹೋದರೆ ಗದರಿ ಕಳಿಸುತ್ತಿದ್ದರು. "ಹೋಗ್ರೋ, ಇದು ಕೂಲಿ ಕೆಲಸ." ಸಾತಾರ್ ಮಾತ್ರ ದಿನಾ ಬಂದು ನೆರಳಲ್ಲಿ ಕೂತು, "ಆ ಕಲ್ಲು ಸೊಟ್ಟಗಿದೆ, ಧಣಿಗೆ ಹೇಳ್ತೀನಿ" ಎಂದು ಕೆಣಕುತ್ತಿದ್ದರು. ಅದನ್ನು ಅತಾ ಬೇಡವೆನ್ನಲಿಲ್ಲ.

ಶಾಲೆ ಮತ್ತೆ ಶುರುವಾಗಿ ಸ್ವಲ್ಪ ದಿನಕ್ಕೆ ಉಕ್ಕಿನ ಹಗ್ಗ ಬಂತು. ಅದನ್ನೆಳೆದು ಹಲಗೆ ಹಾಸಲು ಅಶಾರ್ ಕರೆದರು. ಊರಿಗೆ ಊರೇ ಬಂತು, ಯಾರ ಹೆಸರನ್ನೂ ಎಲ್ಲೂ ಬರೆಯಲಿಲ್ಲ. ಕೊನೆಯ ಹಲಗೆ ಬಿಗಿದ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ. ಎಲ್ಲರೂ ತಮ್ಮ ತಮ್ಮ ಜಾಗಗಳಲ್ಲಿ ಕೂತರು. ತೋರ್ ಮಾತ್ರ ಖಾಲಿ. ಅತಾ ಬಾಗಿಲ ಬಳಿ, ಬಿಟ್ಟ ಚಪ್ಪಲಿ ಬೂಟುಗಳ ಪಕ್ಕದಲ್ಲಿ ಕೂತಿದ್ದರು.

"ಅತಾ, ಮೇಲೆ ಬನ್ನಿ" ಎಂದೆ.

"ಕೂಲಿಯವನ ಜಾಗ ಇದೇ, ಟೀಚರಮ್ಮ. ನಾನೇ ಹೇಳಿದ ಮಾತು. ಸಾತಾರ್, ಹೋಗಿ ಕೂರೋ. ಕಾದಿದ್ದು ಸಾಕು."

ಸಾತಾರ್ ಎದ್ದರು, ತೋರಿನವರೆಗೆ ಹೋದರು. ಅಲ್ಲಿ ಹಾಸಿದ್ದ ಮೆತ್ತೆಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಅದನ್ನೆತ್ತಿ ಕಂಕುಳಲ್ಲಿಟ್ಟುಕೊಂಡು ನಿಧಾನವಾಗಿ ಬಾಗಿಲಿಗೆ ಬಂದು, ಅತಾಗಿಂತ ಕೆಳಗೆ, ಬೂಟುಗಳನ್ನು ಸರಿಸಿ ಕೂತರು.

"ಅಲ್ಲಿ ಗಾಳಿ ಬೀಸುತ್ತೆ" ಎಂದರು.

ಕುರಿ ಮಾರಿದವನು ಎದ್ದ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಎದ್ದು ಬಂದರು. ಅಷ್ಟು ದೊಡ್ಡ ಕೋಣೆ ಬರಿದಾಗಿ, ಊರೆಲ್ಲ ಬಾಗಿಲಿಗೆ ಒತ್ತಿಕೊಂಡು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿತು. ಹಿರಿಯರ ಪಾಲಿನ ಮಾಂಸದ ತಟ್ಟೆಯನ್ನು ನಾನು ತಲೆಗಳ ಮೇಲಿನಿಂದ ದಾಟಿಸಿ ಅತಾ ಮುಂದಿಟ್ಟೆ. ಅವರು ಅದನ್ನು ನೋಡುತ್ತ ಕೂತರು.

ಅಷ್ಟರಲ್ಲಿ ಹೊರಗಿನಿಂದ ಯಾರೋ ಬಾಗಿಲು ನೂಕಿದರು. ಇಷ್ಟು ಜನ ಒರಗಿ ಕೂತ ಬಾಗಿಲು ತೆರೆಯುವುದುಂಟೇ?

"ಅತಾ, ಜರುಗಿ" ಬೆಗಾಯಿಮಳ ದನಿ. "ಶಾಲೆ ಬಿಡ್ತು. ನಾನೊಬ್ಬಳೇ ದಾಟಿ ಬಂದೆ, ಕಣ್ಣು ಬಿಟ್ಕೊಂಡೇ. ನನ್ನ ಶೂ ನೋಡಿ, ಒಣಗೇ ಇದೆ."