ಮಹಡಿಗಳ ನಡುವೆ

ಆ ಹಳೆಯ ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಲಿಫ್ಟಕ್ಕ. ಜಾಲರಿ ಬಾಗಿಲಿನ ಲಿಫ್ಟು ಅದು. ಹಿತ್ತಾಳೆಯ ಹಿಡಿ ತಿರುಗಿಸಿದರೆ ಒಮ್ಮೆ ಗೊಣಗಿ, ಆಮೇಲೆ ಮನಸ್ಸು ಮಾಡಿದಂತೆ ನಿಧಾನವಾಗಿ ಮೇಲೇಳುತ್ತಿತ್ತು. ಮೂಲೆಯ ಸ್ಟೂಲಿನ ಮೇಲೆ ಕೂತು ಅವಳು ದಿನವಿಡೀ ಜನರನ್ನು ಏರಿಸುವಳು, ಇಳಿಸುವಳು. ಒಂದು ಮಹಡಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ, ಜೊತೆಗಿದ್ದವರಿಗಾಗಿ ತುಟಿ ಅಲುಗದಂತೆ ಒಂದು ಪ್ರಾರ್ಥನೆ. ‘ಕರ್ತನೇ, ಈ ಅಜ್ಜನ ಕೆಮ್ಮು ನೋಡಿಕೋ. ಈ ಹುಡುಗಿ ಯಾಕೆ ಗೋಡೆ ಕಡೆ ಮುಖ ಮಾಡಿದ್ದಾಳೋ, ನಿನಗೇ ಗೊತ್ತು.’ ಬಾಗಿಲು ತೆರೆಯುವ ಹೊತ್ತಿಗೆ ಆಮೆನ್. ಜಾಲರಿಯ ಬೆಳಕು ಎಲ್ಲರ ಮುಖದ ಮೇಲೂ ಒಂದೇ ಥರ ಜಾರಿ ಹೋಗುವುದನ್ನು ನೋಡುತ್ತ ನೋಡುತ್ತ, ತಾನು ನೀರಿನೊಳಗೆ ತೇಲುತ್ತಿದ್ದೇನೇನೋ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸುತ್ತಿತ್ತು.

ಮದುವೆ ಬೇಡವೆಂದು ಅವಳು ಹಟ ಹಿಡಿದವಳಲ್ಲ. ತಾಯಿಯ ಕಾಯಿಲೆ, ತಮ್ಮನ ಓದು ಅಂತ ವರ್ಷಗಳು ಸರಿದವು. ಬಿಳಿಗೂದಲು ಇಣುಕುವ ಹೊತ್ತಿಗೆ ಒಂಟಿ ಬದುಕು ಮೈಗೆ ಒಗ್ಗಿತ್ತು.

ಆಗ ಕೇಳಿದವನು ಪ್ಲಾಸ್ಟರಿನವನು. ಮೂಳೆ ಮುರಿದವರಿಗೆ ಪ್ಲಾಸ್ಟರ್ ಕಟ್ಟುವ ಕೆಲಸ, ಮೊಣಕೈವರೆಗೆ ಬಿಳಿ ಮೆತ್ತಿಕೊಂಡೇ ಓಡಾಡುವ ಮನುಷ್ಯ. ಹೆಂಡತಿ ತೀರಿಕೊಂಡಿದ್ದಳು. ಒಂದು ಮಧ್ಯಾಹ್ನ ಲಿಫ್ಟಿನಲ್ಲಿ ಇಬ್ಬರೇ ಇದ್ದರು.

“ಯಾವ ಮಹಡಿ?”

“ಯಾವುದಾದ್ರೂ ಸರಿ. ಒಂದು ಮಾತು ಹೇಳೋದಿದೆ, ಅದು ಮುಗಿಯೋಷ್ಟು ಎತ್ತರಕ್ಕೆ ಕರ್ಕೊಂಡು ಹೋಗಿ.” ಅವನು ಕೈ ಉಜ್ಜಿಕೊಂಡ, ಪುಡಿ ಉದುರಿತು. “ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ. ನಾನು ಅಡುಗೆ ಮಾಡಿದ್ರೆ ಅದೂ ಪ್ಲಾಸ್ಟರ್ ಥರಾನೇ ಇರುತ್ತೆ, ಮೊದಲೇ ಹೇಳಿಬಿಡ್ತೀನಿ. ಯೋಚನೆ ಮಾಡಿ, ಅವಸರ ಇಲ್ಲ.”

ತಮ್ಮನ ಹೆಂಡತಿಗೆ ಸುದ್ದಿ ತಿಳಿದು ಖುಷಿಯೋ ಖುಷಿ. “ದೇವರೇ ತಂದು ಬಾಗಿಲಲ್ಲಿ ನಿಲ್ಲಿಸಿದಾನೆ ಅತ್ತಿಗೆ, ಇನ್ನೂ ಏನು ಮೀನ ಮೇಷ ಎಣಿಸ್ತೀರಾ? ಒಂಟಿಯಾಗಿದ್ರೆ ಮಾತ್ರ ದೇವರ ಸೇವೆನಾ? ನಾನು ಮಕ್ಕಳ ಮೂಗು ಒರೆಸ್ಕೊಂಡು ಮಾಡ್ತಿರೋದೇನು ಹಾಗಾದ್ರೆ?”

“ಅದು ಸೇವೆ ಅಲ್ಲ ಅಂದವರು ಯಾರು? ನನ್ನನ್ನ ಯಾವುದಕ್ಕೆ ಕರೆದಿದಾನೋ, ಅದು ಗೊತ್ತಾಗ್ಬೇಕಲ್ಲ.”

ದಿನಗಳು ಹೋದವು, ಮೇಲಿನವನಿಂದ ಸದ್ದಿಲ್ಲ. ಅವಳ ಮನಸ್ಸೂ ಎಲ್ಲೆಲ್ಲೋ. ಅವನ ನಗುವನ್ನೇ ನೆನೆಯುತ್ತ ಎಷ್ಟೋ ಮಹಡಿಗಳನ್ನು ಪ್ರಾರ್ಥನೆಯಿಲ್ಲದೆ ದಾಟಿಬಿಡುತ್ತಿದ್ದಳು. ಒಂದು ಭಾನುವಾರ ಯಾರೂ ಬರುವ ಮೊದಲೇ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಹೆದರಿ ಬೇಡ ಅನ್ನುತ್ತಿದ್ದೇನೆಯೇ ಎಂದು ತನ್ನೊಳಗೆ ತಾನೇ ಇಣುಕಿ ನೋಡಿದಳು. ಹೆದರಿಕೆ ಇರಲಿಲ್ಲ. ಅವನು ಒಳ್ಳೆಯವನು, ಮದುವೆಯೂ ಒಳ್ಳೆಯದೇ. ಆದರೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಮುಖಗಳು: ಕೆಮ್ಮುವ ಮುಖ, ಅಳು ನುಂಗಿದ ಮುಖ, ಕೂಸು ಹುಟ್ಟಿದ ಸುದ್ದಿ ಹೊತ್ತು ಓಡುವ ಮುಖ. ಒಂದರ ಹಿಂದೆ ಒಂದು, ಬೆಳಕಿನಲ್ಲಿ ಅದ್ದಿ ತೆಗೆದಂತೆ ತೇಲಿ ಹೋದವು. ತವರಿಗೆ ಬಂದಷ್ಟು ಹಾಯೆನಿಸಿತು.

ಮರುದಿನ ಅವನಿಗೆ ಮದುವೆ ಬೇಡವೆಂದು ಹೇಳಿದಳು. ಅವನು ತನ್ನ ಬಿಳಿ ಕೈಗಳನ್ನೇ ನೋಡುತ್ತ, “ನನ್ನಲ್ಲಿ ಏನಾದ್ರೂ ಕೊರತೆ...” ಅಂದ.

“ಕೊರತೆ ಇದ್ದಿದ್ರೆ ಆವತ್ತೇ ಬೇಡ ಅಂತಿದ್ದೆ. ನನ್ನ ಹೊತ್ತೆಲ್ಲ ಮೇಲಿರೋ ಒಬ್ಬನಿಗೆ ಕೊಟ್ಟಾಗಿದೆ.” ಯಾರಿಗೂ ಹೇಳದ ಪ್ರಾರ್ಥನೆಯ ಗುಟ್ಟನ್ನು ಅವನಿಗೆ ಹೇಳಿದಳು.

ಅವನು ತಲೆಯೆತ್ತಿದ. “ನನಗೂ ಮಾಡಿದ್ರಾ?”

“ದಿನಾ.”

“ಹಾಗಾದ್ರೆ ನನಗೊಬ್ಬಳು ಹೆಂಡತಿ ಸಿಗಲಿ ಅಂತಾನೂ ಮಾಡಿ. ನಿಮ್ಮ ಮಾತು ಅಲ್ಲಿ ನಡೆಯುತ್ತೆ ಅನ್ಸುತ್ತೆ.”

ಆ ಪ್ರಾರ್ಥನೆ ಮಾತ್ರ ಸುಲಭಕ್ಕೆ ಬರುತ್ತಿರಲಿಲ್ಲ. ಆದರೂ ಬಿಡದೆ ಮಾಡಿದಳು.

ಚಳಿಗಾಲ ಕಳೆದು ಅವನು ಹೊಲಿಗೆ ಕೆಲಸದ ಹೆಂಗಸೊಬ್ಬಳನ್ನು ಮದುವೆಯಾದ. ಗಂಡನಿಗೆ ಬಿಸಿ ಊಟ ಹಿಡಿದು ಅವಳು ಮೊದಲ ಸಲ ಲಿಫ್ಟು ಹತ್ತಿದ ದಿನ, ಬುತ್ತಿಯ ಘಮ ಆ ಪುಟ್ಟ ಕೋಣೆಯನ್ನೆಲ್ಲ ತುಂಬಿತು. ಲಿಫ್ಟಕ್ಕನ ಎದೆಯಲ್ಲಿ ಚುಳ್ಳೆಂದಿತು. ‘ಕರ್ತನೇ, ಇವಳನ್ನು ಚೆನ್ನಾಗಿಟ್ಟಿರು’ ಅಂದಳು. ಅಷ್ಟು ಹೇಳುವುದರೊಳಗೆ ಮೇಲಿನ ಮಹಡಿ ಬಂದೇಬಿಟ್ಟಿತ್ತು.

ಇಳಿಯುವಾಗ ಹೊಲಿಗೆಯವಳು ತಿರುಗಿ ನಿಂತಳು. “ಅಕ್ಕಾ, ಭಾನುವಾರ ನಮ್ಮನೆಗೆ ಊಟಕ್ಕೆ ಬರ್ಬೇಕು. ಇವರು ಎಲ್ಲಾ ಹೇಳಿದಾರೆ.”

“ಎಲ್ಲಾನಾ?”

“ಎಲ್ಲಾ. ನೀವು ಬೇಡ ಅಂದಿದ್ದಕ್ಕೆ ತಾನೇ ನಾನಿಲ್ಲಿ ಬಂದಿರೋದು!”

ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಭಾನುವಾರ ಅವರ ಮನೆಗೆ ಹೋದರೆ, ಮೇಜಿನ ತುದಿಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿದ್ದ ಮುದುಕನೊಬ್ಬ ಕೂತಿದ್ದ. ಆಸ್ಪತ್ರೆಯಿಂದ ಹೋಗಲು ಅವನಿಗೆ ಮನೆಯಿರಲಿಲ್ಲ. ಕಾಲು ಕೂಡುವವರೆಗೆ ಇಲ್ಲೇ ಇರಲಿ ಎಂದು ಗಂಡ ಹೆಂಡತಿ ತಮ್ಮ ಹಾಸಿಗೆಯನ್ನೇ ಬಿಟ್ಟುಕೊಟ್ಟಿದ್ದರು. ಪ್ಲಾಸ್ಟರಿನವನು ತಡವರಿಸುತ್ತ ಊಟದ ಪ್ರಾರ್ಥನೆ ಮಾಡಿದ. ಮುದುಕ ಆಮೆನ್‌ಗೂ ಮೊದಲೇ ತಟ್ಟೆಗೆ ಕೈ ಹಾಕಿದ. ಹೊಲಿಗೆಯವಳು ಬೈಯದೆ ಅವನಿಗೆ ಇನ್ನಷ್ಟು ಬಡಿಸಿದಳು. ಲಿಫ್ಟಕ್ಕ ಕಣ್ಣು ತುಂಬ ನೋಡಿದಳು. ಎದೆಯ ಆ ಚಳುಕು ಯಾವಾಗ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

ಊಟವಾದ ಮೇಲೆ ಹೆಂಗಸರಿಬ್ಬರೂ ಪಾತ್ರೆ ತೊಳೆಯಲು ನಿಂತರು. ಕಿಟಕಿಯ ಇಳಿಬಿಸಿಲು ನೊರೆಯ ಮೇಲೆ ಕೂತಿತ್ತು. ಹೊಲಿಗೆಯವಳು ಬೆಳಗ್ಗೆ ಚರ್ಚಿನಲ್ಲಿ ಹಾಡಿದ್ದನ್ನೇ ಗುನುಗಿದಳು, ಲಿಫ್ಟಕ್ಕ ದನಿಗೂಡಿಸಿದಳು. ಒಳಕೋಣೆಯಿಂದ ಮುದುಕ ಕೂಗಿದ, “ಸ್ವಲ್ಪ ಜೋರಾಗಿ ಹಾಡ್ರಮ್ಮ, ನನಗೆ ಕಿವಿ ಮಂದ!”