ಮೂವತ್ತೊಂದನೆಯ ಸಂಚಿಕೆ

ಹಲ್ಲಿನ ಡಾಕ್ಟರು ಅಂಗಡಿಗೆ ಕಾಲಿಟ್ಟರೆಂದರೆ ಬೈಂಡಿಂಗ್ ಅಕ್ಕನಿಗೆ ತಲೆನೋವು ಶುರು. ಅವರ ಬೆನ್ನಿಗೇ ಗಣಿತದ ಮೇಷ್ಟ್ರು ಬರುತ್ತಾರೆ. ಇಬ್ಬರಿಗೂ ಮನೆಯಿದೆ, ಮಕ್ಕಳಿದ್ದಾರೆ, ತಲೆ ನರೆತಿದೆ; ಆದರೆ ಬಾಯಿ ತೆರೆದರೆ ಮುಸುಕು ಹಾಕಿಕೊಂಡು ಹಾರಾಡುವ ವೀರರ ಕಾಮಿಕ್ಸ್ ಬಿಟ್ಟು ಬೇರೆ ಮಾತಿಲ್ಲ. ಯಾವ ಬರಹಗಾರ, ಯಾವ ಚಿತ್ರಕಾರ ಯಾವ ಪತ್ರಿಕೆಯನ್ನು ಎಷ್ಟು ಕಾಲ ಸತತವಾಗಿ ನಡೆಸಿದರು, ಅದರಲ್ಲಿ ಯಾರದು ಮೇಲು ಎಂಬುದೇ ಅವರ ಮುಗಿಯದ ಜಗಳ. ಅಂಥ ಒಂದು ಸತತ ಅವಧಿಗೆ ಅವರು ‘ರನ್’ ಅನ್ನುತ್ತಾರೆ. ದೇವರು ಪುರುಸೊತ್ತು ಕೊಟ್ಟರೆ ಮನುಷ್ಯ ಏನೆಲ್ಲ ಮಾಡುತ್ತಾನೆ ನೋಡಿ.

ಆ ಮಧ್ಯಾಹ್ನ ಅಕ್ಕ ಹೊಲಿಯುತ್ತಿದ್ದದ್ದು ಡಾಕ್ಟರ ಪುಸ್ತಕವನ್ನೇ. ‘ಉಕ್ಕುರೆಕ್ಕೆ’ ಎಂಬ ವೀರನ ಬಿಡಿ ಸಂಚಿಕೆಗಳು. ಒಂದೊಂದರ ಪಿನ್ನು ಕಿತ್ತು, ಬೆನ್ನಿಗೆ ದಬ್ಬಣದಲ್ಲಿ ತೂತು ಹಾಕಿ, ಮೇಣ ತಿಕ್ಕಿದ ದಾರದಿಂದ ಒಂದಕ್ಕೊಂದು ಹೊಲಿದು, ರಟ್ಟು ಹಾಕಿ ಒಂದೇ ದಪ್ಪ ಪುಸ್ತಕ ಮಾಡಬೇಕು. ಮೂವತ್ತರವರೆಗೆ ಹೊಲಿದಾಗಿತ್ತು. ಮುಂದಿನದು ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು.

ಆ ಮೂವತ್ತೊಂದರ ಚಿತ್ರ ಬಿಡಿಸಿದವನು ಅವಳ ಅಣ್ಣ.

ಅಣ್ಣ ಅಂದರೆ ಒಳಕೋಣೆಯಲ್ಲಿ ಕಟಿಂಗ್ ಮೆಷಿನ್ ಮುಂದೆ ನಿಂತು ಪುಸ್ತಕದ ಅಂಚು ಕತ್ತರಿಸುವ ಅಣ್ಣನೇ. ಒಂದು ಕಾಲಕ್ಕೆ ಪತ್ರಿಕೆಯ ಆಫೀಸಿನಲ್ಲಿ ಬೇರೆಯವರ ಗೆರೆ ತಿದ್ದುವ ಕೆಲಸದಲ್ಲಿದ್ದ. ಅಭಿಮಾನಿಗಳೆಲ್ಲ ‘ದೊಡ್ಡವರು’ ಎಂದು ಕೈಮುಗಿಯುವ ಚಿತ್ರಕಾರ ಒಂದು ತಿಂಗಳು ಹೇಳದೆ ಕೇಳದೆ ನಾಪತ್ತೆಯಾದಾಗ ಸಂಪಾದಕರು ಇವನ ಕೈಗೆ ಕುಂಚ ತುರುಕಿ, ವಾರದೊಳಗೆ ಮುಗಿಸು ಅಂದರು. ಮುಗಿಸಿದ. ಪತ್ರಿಕೆ ಹೊತ್ತಿಗೆ ಸರಿಯಾಗಿ ಹೊರಬಂತು. ಮುಂದಿನ ತಿಂಗಳು ದೊಡ್ಡವರು ಏನೂ ಆಗಿಲ್ಲವೆಂಬಂತೆ ಬಂದು ಕುರ್ಚಿಯಲ್ಲಿ ಕೂತರು. ಓದುಗರು ಅಣ್ಣನ ಚಿತ್ರಗಳನ್ನು ಹಿಗ್ಗಾಮುಗ್ಗಾ ಬೈದು ಬರೆದರು. ಸಂಪಾದಕರು ಅವನನ್ನು ಮತ್ತೆ ಗೆರೆ ತಿದ್ದಲು ಕಳಿಸಿದರು. ಅವನು ಕೆಲಸ ಬಿಟ್ಟು ತಂಗಿಯ ಅಂಗಡಿಗೆ ಬಂದು ಸೇರಿಕೊಂಡ. ಈಗ ಪೆನ್ಸಿಲ್ ಮುಟ್ಟುವುದು ಎಲ್ಲಿ ಕತ್ತರಿಸಬೇಕೆಂದು ಗುರುತು ಹಾಕಲು ಮಾತ್ರ.

ಸಂಚಿಕೆಯ ಒಳಪುಟದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಅವನ ಹೆಸರಿದೆ. ಅಂಗಡಿಯಲ್ಲಿ ಆ ಹೆಸರು ಹಿಡಿದು ಕರೆದವರಿಲ್ಲ. ತಂಗಿಗೂ ಗಿರಾಕಿಗಳಿಗೂ ಅವನು ಬರೀ ಅಣ್ಣ. ಯಾರ ಮುಂದೆಯೂ ಬಾಯಿ ಬಿಡಬೇಡ ಎಂದು ಅವಳಿಂದ ಮಾತು ತೆಗೆದುಕೊಂಡಿದ್ದ. ಅವಳು ಇಷ್ಟು ವರ್ಷ ಹಲ್ಲು ಕಚ್ಚಿ ಅದನ್ನು ಉಳಿಸಿಕೊಂಡಿದ್ದಳು.

“ನೋಡಿ ಮೇಷ್ಟ್ರೇ, ಉಕ್ಕುರೆಕ್ಕೆಗೆ ದೊಡ್ಡವರು ಕೊಟ್ಟ ರನ್ ಮುಂದೆ ಬೇರೆ ಯಾವುದೂ ನಿಲ್ಲಲ್ಲ,” ಎಂದು ಡಾಕ್ಟರು ಸ್ಟೂಲು ಎಳೆದುಕೊಂಡರು.

“ಯಾಕೆ ನಿಲ್ಲಲ್ಲ? ‘ಏಳು ನೆರಳು’ ನಿಲ್ಲುತ್ತೆ. ಅದನ್ನ ಬರೆದ ಹೆಣ್ಮಗಳ ಹನ್ನೆರಡು ಸಂಚಿಕೇಲಿ ಕೆಟ್ಟದ್ದು ಒಂದು ತೋರಿಸಿಬಿಡಿ, ಅರ್ಧ ಮೀಸೆ ಬೋಳಿಸ್ಕೋತೀನಿ.”

“ಹನ್ನೆರಡು ಒಂದು ಲೆಕ್ಕಾನಾ? ಅಷ್ಟು ಹೊತ್ತಿಗೆ ನಮ್ಮೋರಿಗೆ ಇನ್ನೂ ಮೈ ಬಿಸಿಯಾಗ್ತಿತ್ತು ಅಷ್ಟೆ.”

“ಅದನ್ನೇ ನಾನೂ ಹೇಳ್ತಿರೋದು. ನಿಮ್ಮೋರ ಮೊದಲ ನಾಲ್ಕು ಸಂಚಿಕೆ ಕಣ್ಣಲ್ಲಿ ನೋಡೋಕಾಗುತ್ತಾ? ಹೀರೋ ಮುಖಾನೂ ಕುಂಬಳಕಾಯಿ, ಕಳ್ಳನ ಮುಖಾನೂ ಕುಂಬಳಕಾಯಿ.”

“ಮೊದಲ ನಾಲ್ಕು ಕಸ, ನಾನೇ ಒಪ್ಕೋತೀನಿ. ಐದರಿಂದ ನೋಡಿ! ಹದ್ದು ಹಾರಿದ ಹಾಗೆ!”

ಮೇಷ್ಟ್ರು ಇದಕ್ಕೇ ಕಾದಿದ್ದರು. “ಹಾರಿದ ಹದ್ದು ಮೂವತ್ತೊಂದಕ್ಕೆ ದೊಪ್ಪಂತ ಬಿತ್ತಲ್ಲ, ಅದಕ್ಕೇನಂತೀರಿ?”

ಡಾಕ್ಟರ ಮುಖ ಹುಳ್ಳಗಾಯಿತು. “ಅದು ಅವರದ್ದಲ್ಲ ಕಣ್ರೀ. ಯಾವನೋ ಬದಲಿಗೆ ಬಂದವನು ಗೀಚಿದ್ದು.”

“ರನ್ ಮಧ್ಯ ಇದೆ ತಾನೆ?”

“ಇರಲ್ಲ. ಅಕ್ಕ, ಆ ಮೂವತ್ತೊಂದನ್ನ ಎತ್ತಿ ಆಚೆ ಹಾಕಿ. ಮೂವತ್ತಾದ್ಮೇಲೆ ಸೀದಾ ಮೂವತ್ತೆರಡು ಹೊಲೀರಿ. ಆಮೇಲೆ ಇವರು ಯಾವ ಬಾಯಲ್ಲಿ ಮಾತಾಡ್ತಾರೋ ನೋಡೇಬಿಡ್ತೀನಿ.”

ಅಕ್ಕನ ಕೈಯಲ್ಲಿ ಸೂಜಿ ನಿಂತಿತು. ಒಳಕೋಣೆಯಲ್ಲಿ ಮೆಷಿನ್ ಸದ್ದೂ ನಿಂತಿತು. ಅಣ್ಣನ ಕಿವಿಗೆ ಬಿದ್ದಿದೆ ಎಂದು ಅವಳಿಗೆ ಗೊತ್ತಾಯಿತು.

“ಕೀಳೋದು ಮೋಸ,” ಎಂದರು ಮೇಷ್ಟ್ರು. ಆ ಒಂದು ಕ್ಷಣ ಅಕ್ಕನಿಗೆ ಮೇಷ್ಟ್ರ ಮೇಲೆ ಅಕ್ಕರೆ ಉಕ್ಕಿತು. ಮರುಕ್ಷಣವೇ ಅದಕ್ಕೆ ಮಣ್ಣು ಬಿತ್ತು. “ಇರ್ಲಿ ಬಿಡಿ, ದೃಷ್ಟಿಬೊಟ್ಟು ಇದ್ದ ಹಾಗೆ!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ಹೊತ್ತು ಹಾವು ಮುಂಗುಸಿಯಾಗಿದ್ದವರು ಅಣ್ಣನನ್ನು ಆಡಿಕೊಳ್ಳಲು ಜೊತೆಯಾಗಿಬಿಟ್ಟರು. ಡಾಕ್ಟರು ಸಂಚಿಕೆಯ ಒಂದು ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದರು. “ಈ ದವಡೆ ನೋಡಿ! ಜಗತ್ತು ಉಳಿಸೋಕೆ ಹೊರಟ ಹಾಗಿದೆಯಾ? ಬುದ್ಧಿಹಲ್ಲು ಕೀಳಿಸೋಕೆ ನನ್ನ ಕುರ್ಚಿ ಮೇಲೆ ಕೂತ ಹಾಗಿದೆ!”

ಅಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಆದರೂ ತಡೆದುಕೊಂಡಳು. “ಡಾಕ್ಟ್ರೇ, ಒಂದು ಕೇಳ್ತೀನಿ. ಮೊದಲ ನಾಲ್ಕು ಕಸ ಅಂತ ನೀವೇ ಅಂದ್ರಿ. ಅದನ್ನ ಚಿನ್ನದ ಹಾಗೆ ಜೋಪಾನವಾಗಿ ಹೊಲ್ದಿದ್ದೀನಿ. ಅದನ್ನೂ ಕಿತ್ತು ಹಾಕ್ಲಾ?”

“ಅಯ್ಯೋ, ಅದು ಹ್ಯಾಗಾಗುತ್ತೆ ಅಕ್ಕ?” ಡಾಕ್ಟರು ಏನೂ ತಿಳಿಯದ ಕೂಸಿಗೆ ಹೇಳುವವರಂತೆ ನಕ್ಕರು. “ಅದು ಶುರು. ಯಾರಿಗೇ ಆಗ್ಲಿ, ಕೈ ಕುದುರೋಕೆ ನಾಲ್ಕು ಸಂಚಿಕೆಯಾದ್ರೂ ಬೇಡ್ವಾ?”

ಅಲ್ಲಿಗೆ ಕಟ್ಟೆ ಒಡೆಯಿತು.

“ಯಾರಿಗೇ ಆಗ್ಲಿ?” ಅಕ್ಕ ಎದ್ದು ನಿಂತ ರಭಸಕ್ಕೆ ದಬ್ಬಣ ಕೆಳಗೆ ಬಿತ್ತು. “ಇನ್ನೊಂದ್ಸಲ ಹೇಳಿ. ಯಾರಿಗೇ ಆಗ್ಲಿ? ನಿಮ್ಮ ದೊಡ್ಡವರಿಗೆ ನಾಲ್ಕು ಕೊಟ್ರು, ನಲವತ್ತು ಕೊಟ್ರು. ಹೇಳದೆ ಓಡಿಹೋದವರಿಗೆ ಕುರ್ಚಿ ಒರೆಸಿಟ್ಟು ಕಾದ್ರು. ಇದನ್ನ ಬಿಡಿಸಿದವನಿಗೆ ಎಷ್ಟು ಕೊಟ್ರು? ಒಂದು! ಒಂದರಲ್ಲಿ ಕೈ ಕುದುರಲಿಲ್ಲ ಅಂತ ಮಣ್ಣು ಮುಚ್ಚಿದ್ರಿ. ಈಗ ಆ ಒಂದನ್ನೂ ಕೀಳಬೇಕಾ ನಿಮಗೆ? ನಿಮ್ಮ ರನ್ನಿಗಿಷ್ಟು ಬೆಂಕಿ ಹಾಕ!”

“ಅಕ್ಕ, ಇದಕ್ಯಾಕೆ ನೀವು...”

“ಯಾಕೆ ಅಂದ್ರೆ ಅವನು ಒಳಗಿದ್ದಾನೆ! ನಿಮ್ಮ ಪುಸ್ತಕದ ಅಂಚು ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ಕತ್ತರಿಸ್ತಾನಲ್ಲ, ಅವನೇ. ನನ್ನ ಒಡಹುಟ್ಟಿದ ಅಣ್ಣ. ಆಡ್ಕೊಂಡು ನಗೋದಿದ್ರೆ ಹೋಗಿ, ಅವನ ಮುಖ ನೋಡ್ಕೊಂಡು ನಗಿ!”

ಒಳಕೋಣೆಯ ಬಾಗಿಲಲ್ಲಿ ಅಣ್ಣ ನಿಂತಿದ್ದ. ತೋಳಿನ ಮೇಲೆಲ್ಲ ಕಾಗದದ ಚೂರುಗಳಿದ್ದವು. ಅವನು ನೋಡಿದ್ದು ಡಾಕ್ಟರನ್ನಲ್ಲ, ತಂಗಿಯನ್ನು.

“ನಿನಗೆ ಯಾರು ಹೇಳು ಅಂದ್ರು?” ಎಂದ. ಧ್ವನಿ ಏರಿರಲಿಲ್ಲ, ಆದರೆ ಅವನಿಗೆ ಅಷ್ಟು ಕೋಪ ಬಂದದ್ದನ್ನು ಅವಳು ಎಂದೂ ಕಂಡಿರಲಿಲ್ಲ. “ಒಂದೇ ಒಂದು ಮಾತು ಕೇಳಿದ್ದೆ ನಿನ್ನ ಹತ್ರ.”

“ಉಳಿಸ್ಕೊಂಡು ಸಾಕಾಯ್ತು,” ಎಂದಳು ಅವಳು. ಅಳು ಬರುತ್ತಿತ್ತು, ಅದಕ್ಕೂ ಸಿಟ್ಟು ಬಂತು. “ನೀನು ಬಾಯಿ ಬಿಡಲ್ಲ, ನನ್ನ ಬಾಯಿಗೂ ಬೀಗ. ಇವರು ಬಂದು ಬಂದು ಉಗಿದು ಹೋಗ್ಲಿ, ಅಲ್ವಾ?”

ಮೇಷ್ಟ್ರು ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಮನುಷ್ಯನಾದವನು ಅದನ್ನೇ ಮಾಡಬೇಕು. ಆದರೆ ಡಾಕ್ಟರು ಅಭಿಮಾನಿ. ಅವರ ಮುಖದಲ್ಲಿದ್ದ ನಾಚಿಕೆ ನೋಡನೋಡುತ್ತಲೇ ಕರಗಿ, ಕಣ್ಣುಗಳು ಮಿನುಗತೊಡಗಿದವು. ಜೇಬಿನಿಂದ ಪೆನ್ನು ತೆಗೆದರು.

“ಅಣ್ಣ... ಅಲ್ಲ, ಸರ್... ತಪ್ಪಾಯ್ತು, ಕ್ಷಮಿಸಿ. ಇದರ ಮೇಲೆ ಒಂದು ಸಹಿ ಹಾಕಿಕೊಡ್ತೀರಾ? ಸಹಿ ಇರೋ ಮೂವತ್ತೊಂದು ಯಾರ ಹತ್ರಾನೂ ಇಲ್ಲ, ಗೊತ್ತಾ? ಸಹಿ ಇದ್ರೆ ಖಂಡಿತಾ ಪುಸ್ತಕದಲ್ಲಿ ಇರ್ಲಿ!”

ಆ ದಬ್ಬಣ ಕೈಗೆ ಸಿಕ್ಕಿದ್ದರೆ ಅಕ್ಕ ಏನು ಮಾಡುತ್ತಿದ್ದಳೋ ಹೇಳಲಾಗದು. ಈವರೆಗೆ ಕಸವಾಗಿದ್ದದ್ದು ಒಂದು ಗೀಟಿಗೆ ಬಂಗಾರವಾಗಿಬಿಟ್ಟಿತ್ತು. ಈ ಜನಕ್ಕೆ ಬೈದು ಏನು ಪ್ರಯೋಜನ ಅನ್ನಿಸಿತು ಅವಳಿಗೆ.

ಅಣ್ಣ ಹಾಳೆಯನ್ನು ಕೈಗೆ ತೆಗೆದುಕೊಂಡ. ಪತ್ರಿಕೆಯ ಕೆಲಸ ಬಿಟ್ಟ ಮೇಲೆ ಅದನ್ನು ಅವನು ಮುಟ್ಟಿದ್ದು ಅದೇ ಮೊದಲು. ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. ಹೆಬ್ಬೆರಳು ತನ್ನಷ್ಟಕ್ಕೆ ತಾನೇ ವೀರನ ದವಡೆಯ ಗೆರೆಯ ಮೇಲೆ ಸರಿಯಿತು, ಗೆರೆ ಎಲ್ಲಿ ತಿರುಗಬೇಕಿತ್ತೋ ಅಲ್ಲಿ ತಿರುಗಿತು.

“ದವಡೆ ಕೆಟ್ಟಿದೆ,” ಎಂದ. “ನೀವು ಅಂದಿದ್ದು ಸರಿ.”

ಡಾಕ್ಟರು ಪೆನ್ನನ್ನು ಇನ್ನಷ್ಟು ಮುಂದೆ ಚಾಚಿದರು. ಅಣ್ಣ ಅದನ್ನು ಪಕ್ಕಕ್ಕೆ ಸರಿಸಿದ. ಹಾಳೆಯನ್ನು ಅದರ ಜಾಗದಲ್ಲೇ ಸೇರಿಸಿ, ಸಂಚಿಕೆಯ ಅಂಚು ಕೂಡಿಸಿ ತಂಗಿಯ ಮುಂದಿಟ್ಟ.

“ಸಹಿ ನನ್ನ ಎರಡನೇ ಸಂಚಿಕೆ ಮೇಲೆ ಹಾಕ್ತೀನಿ,” ಎಂದು ಹೇಳಿ ಒಳಗೆ ಹೋದ. ಮೆಷಿನ್ನಿನ ಹಿಡಿಯನ್ನು ಅವನು ಕೆಳಕ್ಕೆ ಜಗ್ಗಿದ ಜೋರಿಗೆ ಮೇಜಿನ ಮೇಲಿದ್ದ ಗೋಂದಿನ ಡಬ್ಬಿ ನಡುಗಿತು.

ಮೇಷ್ಟ್ರು ಮೆಲ್ಲಗೆ ಕೈಚೀಲ ಎತ್ತಿಕೊಂಡರು. ಅವರಿಗೆ ಅರ್ಥವಾಗಿತ್ತು. ಅಕ್ಕ ಕೂತು ಸೂಜಿಗೆ ಜೋಡಿ ದಾರ ಪೋಣಿಸಿದಳು. ಯಾರನ್ನೂ ಕೇಳದೆ ಮೂವತ್ತೊಂದನ್ನು ಮೂವತ್ತರ ಮೇಲಿಟ್ಟು ಹೊಲಿಯತೊಡಗಿದಳು. ಇನ್ನು ಅದನ್ನು ಕೀಳಬೇಕೆಂದರೆ ಇಡೀ ಪುಸ್ತಕದ ಹೊಲಿಗೆಯನ್ನೇ ಬಿಚ್ಚಬೇಕು. ಡಾಕ್ಟರು ಬೇಡ ಅನ್ನಲಿಲ್ಲ. ಅವರ ಗಮನ ಅಲ್ಲಿ ಇರಲೇ ಇಲ್ಲ. ಹಣೆ ಗಂಟಿಕ್ಕಿಕೊಂಡು, ತಮ್ಮ ಮನೆಯ ಕಪಾಟಿನ ಒಂದೊಂದು ಸಾಲನ್ನೂ ಮನಸ್ಸಿನಲ್ಲೇ ತಡಕಾಡುತ್ತಿದ್ದರು.

“ಅಕ್ಕ,” ಎಂದರು ಕೊನೆಗೆ, ನಿಜವಾದ ಕಳವಳದಿಂದ. “ಅವರ ಎರಡನೇದು ಯಾವ ನಂಬರು? ನನ್ನ ಹತ್ರ ಇಲ್ವಲ್ಲ!”

ಅಕ್ಕ ತಲೆ ಎತ್ತಲಿಲ್ಲ. ದಾರವನ್ನು ಎಳೆದು ಗಂಟು ಬಿಗಿದಳು.

“ಯಾರ ಹತ್ರಾನೂ ಇಲ್ಲ,” ಎಂದಳು.